ನನ್ನ ತಂಗಿಯ ನಾಯಿ ಮತ್ತು ನನ್ನ ಹೊಟ್ಟೆಕಿಚ್ಚು

ನನಗೆ ಒಂದು ನಾಯಿಯ ಮೇಲೆ ಹೊಟ್ಟೆಕಿಚ್ಚು. ನಗಬೇಡಿ. ಎರಡು ಮಕ್ಕಳ ತಾಯಿ ನಾನು, ನಾಚಿಕೆ ಬಿಟ್ಟೇ ಹೇಳುತ್ತಿದ್ದೇನೆ.

ನಾಯಿಯ ಹೆಸರು ಮಂಡಕ್ಕಿ. ನನ್ನ ತಂಗಿ ವೀಣಾ ಪಟ್ಟಂದೂರು ಅಗ್ರಹಾರದಲ್ಲಿ, ಐಟಿ ಪಾರ್ಕಿನ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮೂರು ವರ್ಷದ ಹಿಂದೆ ಬೀದಿಯಿಂದ ಎತ್ತಿಕೊಂಡು ಬಂದ ಮರಿ ಇದು. ನಾವು ದಾವಣಗೆರೆಯವರು. ಬೆಳ್ಳಗಿರುವ ಮರಿಗೆ ಇನ್ನೇನು ಹೆಸರಿಡುತ್ತೇವೆ?

ಕೆಲವು ತಿಂಗಳ ಹಿಂದೆ ಒಂದು ಶನಿವಾರ ಬೆಳಿಗ್ಗೆ ಅವಳು ಮಂಡಕ್ಕಿಯ ಜೊತೆ ಜಾಲಹಳ್ಳಿಯ ನಮ್ಮ ಕ್ವಾರ್ಟರ್ಸ್‌ಗೆ ಬಂದಳು.

"ಅಕ್ಕ, ಮೂರು ತಿಂಗಳು ಆನ್‌ಸೈಟ್, ಫಾರಿನ್‌ಗೆ ಹೋಗ್ಬೇಕು. ಇವನನ್ನ ನೋಡ್ಕೋತೀಯಾ?"

"ಕಾಫಿ ಆದ್ರೂ ಕುಡಿದು ಹೋಗೇ."

"ಪ್ಯಾಕಿಂಗ್ ಇದೆ ಕಣೇ." ನಾಯಿಯ ತಲೆ ಸವರಿದಳು, ಒಂದು ಕವರ್ ನನ್ನ ಕೈಗಿಟ್ಟಳು, ಹೋಗಿಯೇಬಿಟ್ಟಳು.

ಕವರಿನಲ್ಲಿ ನಾಲ್ಕು ಪುಟ! ಎಷ್ಟು ಗಂಟೆಗೆ ಊಟ, ಯಾವ ಕಿವಿಯ ಹಿಂದೆ ಕೆರೆದರೆ ಇಷ್ಟ, ಪಟಾಕಿ ಹೊಡೆದರೆ ಎಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ. ನನ್ನ ಮಕ್ಕಳ ಬರ್ತ್‌ಡೇ ಯಾವಾಗ ಅಂತ ಗೊತ್ತಿಲ್ಲದವಳು ನಾಯಿಗೆ ನಾಲ್ಕು ಪುಟ ಬರೆದಿದ್ದಾಳೆ. ಉರಿಯದೆ ಇರುತ್ತದೆಯೇ?

ಕೊನೆಯ ಪುಟಕ್ಕೆ ಬಂದೆ. "ವಯಸ್ಸಾದ ಮೇಲೆ ಗಟ್ಟಿ ಮೂಳೆ ಕೊಡಬೇಡ. ಮೆಟ್ಟಿಲು ಹತ್ತಲು ಆಗದಿದ್ದರೆ ಎತ್ತಿಕೋ. ಬೈಯಬೇಡ."

ಮೂರು ವರ್ಷದ ನಾಯಿಗೆ ಮೂರು ತಿಂಗಳಲ್ಲಿ ಎಲ್ಲಿಂದ ವಯಸ್ಸಾಗುತ್ತದೆ?

ತಕ್ಷಣ ಫೋನ್ ಮಾಡಿದೆ. ಎತ್ತಿದಳು, ಸದ್ಯ. ಮೊದಲ ಮಾತೇ, "ಊಟ ಮಾಡ್ದನಾ?"

"ಮೂಸಿಯೂ ನೋಡಿಲ್ಲ. ಕರ್ಕೊಂಡು ಬರ್ತಿದ್ದೀನಿ. ಮನೇಲೇ ಇರು. ಫೋನ್ ಇಡ್ಬೇಡ."

ಯಜಮಾನರು ಫ್ಯಾಕ್ಟರಿಯಲ್ಲಿದ್ದರು. ನಾಯಿಯನ್ನು ಆಟೋಗೆ ಹತ್ತಿಸಿಕೊಂಡು ಹೊರಟೆ. ಬೆಂಗಳೂರಿನ ಈ ಮೂಲೆಯಿಂದ ಆ ಮೂಲೆಗೆ ದಾರಿಯುದ್ದಕ್ಕೂ ಫೋನಿನಲ್ಲೇ ಅವಳನ್ನು ಮಾತಾಡಿಸಿದೆ. ಅಮ್ಮನ ವಿಷಯ ತೆಗೆದರೆ "ಹ್ಞೂಂ". ನನ್ನ ಮಕ್ಕಳ ವಿಷಯಕ್ಕೂ "ಹ್ಞೂಂ". "ಮಂಡಕ್ಕಿ ಯಾಕೋ ನಡುಗ್ತಿದಾನೆ" ಅಂದರೆ ಮಾತ್ರ, "ಅಂಚಿಗೆ ಕೂರಿಸ್ಬೇಡ, ಬಸ್ ಹಾರ್ನ್‌ಗೆ ಹೆದರ್ತಾನೆ" ಅಂತ ಪೂರ್ತಿ ವಾಕ್ಯ ಬರುತ್ತಿತ್ತು. ನಾನು ಮೂವತ್ತು ವರ್ಷದಿಂದ ಅವಳ ಅಕ್ಕ. ಅವಳನ್ನು ಆ ಫೋನಿನಲ್ಲಿ ಹಿಡಿದಿಟ್ಟಿದ್ದು ನಾಯಿ.

ಬಾಗಿಲು ತೆಗೆದಳು. ಪ್ಯಾಕಿಂಗ್ ಇಲ್ಲ, ಸೂಟ್‌ಕೇಸ್ ಇಲ್ಲ, ಯಾವ ಆನ್‌ಸೈಟೂ ಇರಲಿಲ್ಲ. ಮಂಡಕ್ಕಿ ಅವಳ ಮೇಲೆ ಹಾರಿತು. ಅವಳು ನೆಲದ ಮೇಲೆ ಕುಸಿದು ಕೂತು, ಅದರ ಕುತ್ತಿಗೆಗೆ ಮುಖ ಒತ್ತಿ ಅತ್ತಳು. (ನಾನು ಚಪ್ಪಲಿ ಕೂಡ ಬಿಡದೆ ಹೊಸಿಲಲ್ಲೇ ನಿಂತಿದ್ದೆ.)

ಆಮೇಲೆ ಪಕ್ಕದಲ್ಲಿ ಕೂತು ನೇರವಾಗಿ ಕೇಳಿದೆ. "ಸಾಯಬೇಕು ಅನ್ನಿಸ್ತಿದೆಯಾ ವೀಣಾ?"

"ಎರಡು ತಿಂಗಳಿಂದ."

"ಏನಾಯ್ತು?"

"ಗೊತ್ತಿಲ್ಲ ಅಕ್ಕ. ದಿನಾ ಆಫೀಸಿಗೆ ಹೋಗ್ತೀನಿ, ನಗ್ತೀನಿ, ಬರ್ತೀನಿ. ಒಳಗೆ ಏನೂ ಇಲ್ಲ. ಪ್ರತಿ ಸಲವೂ ಇವನ ಊಟಕ್ಕೆ ಯಾರು ಅನ್ನೋದು ಬಂದು ನಿಂತ್ಕೊಂಡ್ಬಿಡ್ತಿತ್ತು. ಅದಕ್ಕೇ ನಿನ್ನ ಹತ್ರ ಬಿಟ್ಟೆ."

ಅರ್ಥವಾಯಿತೇ? ಎರಡು ತಿಂಗಳು ಅವಳನ್ನು ತಡೆದಿದ್ದು ನಾಯಿಯ ಊಟ. ಆ ಚಿಂತೆಯನ್ನು ನನಗೆ ವಹಿಸಿ ಅವಳು ಹಗುರಾಗಿದ್ದಳು. ನಾನು ಅದನ್ನು ಆನ್‌ಸೈಟ್ ಅಂದುಕೊಂಡಿದ್ದೆ.

ನನ್ನ ಬಾಯಿಂದ ಬಂದ ಮಾತು ಕೇಳಿ. "ನಾನು ನೆನಪಾಗ್ಲಿಲ್ವೇನೇ?"

"ನಿಂಗೆ ಭಾವ ಇದ್ದಾರೆ, ಮಕ್ಕಳಿದ್ದಾರೆ. ಇವನಿಗೆ ಯಾರಿದ್ದಾರೆ?"

ಅಂಥ ಹೊತ್ತಿನಲ್ಲೂ ಹೊಟ್ಟೆಕಿಚ್ಚು ಪಡುವುದು ಸಾಧ್ಯ ಅಂತ ನನಗೆ ಗೊತ್ತಿರಲಿಲ್ಲ. ಸಾಧ್ಯ. ಪಟ್ಟೆ.

ಅವತ್ತೇ ಆಸ್ಪತ್ರೆಗೆ ಹೊರಡಿಸಿದೆ. ಅಡ್ಮಿಟ್ ಆಗಬೇಕು ಅಂದರು ಡಾಕ್ಟರ್. ಇವಳು ಒಪ್ಪಲಿಲ್ಲ. ನಾಯಿಯನ್ನು ಬಿಟ್ಟು ಹೇಗಿರಲಿ? ನಾನು ಕಾಯಿಲೆ, ಔಷಧಿ, ಅಮ್ಮನ ಕಣ್ಣೀರು ಎಲ್ಲ ಹೇಳಿ ಸೋತೆ. ಡಾಕ್ಟರ್ ಮೇಡಂ ಮಾತ್ರ ನಗಲಿಲ್ಲ. "ಅವನ ಊಟ, ವಾಕಿಂಗ್ ಯಾರು ನೋಡ್ಕೋತಾರೆ ಅಂತ ಮೊದಲು ತೀರ್ಮಾನ ಮಾಡೋಣ" ಅಂದರು. "ನೀವು ವಾಪಸ್ ಬರೋವರೆಗೆ ಮಾತ್ರ." ಆಮೇಲೆ ಸಹಿ ಹಾಕಿದಳು.

ಎರಡು ವಾರ ಮಂಡಕ್ಕಿ ನಮ್ಮನೆಯಲ್ಲಿತ್ತು. ಬೇಯಿಸಿ ಹಾಕಿದವಳು ನಾನು, ಜಾಲಹಳ್ಳಿಯ ಬೀದಿಗಳಲ್ಲಿ ಸುತ್ತಾಡಿಸಿದವಳು ನಾನು. ಅದು ಮಲಗುತ್ತಿದ್ದದ್ದು ಮುಂಬಾಗಿಲಿಗೆ ಮೂತಿ ಇಟ್ಟುಕೊಂಡು. ವಿಸಿಟಿಂಗ್ ಅವರ್ಸ್‌ನಲ್ಲಿ ಅದರ ಫೋಟೋ ತೋರಿಸದೆ ನನಗೆ ಕೂರಲೂ ಹೇಳುತ್ತಿರಲಿಲ್ಲ ಇವಳು.

ಈಗ ಅವಳು ಮಂಡಕ್ಕಿಯ ಜೊತೆ ತನ್ನ ಮನೆಯಲ್ಲಿದ್ದಾಳೆ. ಮಾತ್ರೆ ನಡೆಯುತ್ತಿದೆ, ಕೌನ್ಸೆಲಿಂಗ್ ನಡೆಯುತ್ತಿದೆ. ಕೆಟ್ಟ ದಿನಗಳು ಇನ್ನೂ ಬರುತ್ತವೆ. ಅಂಥ ದಿನ ನನಗೆ ಫೋನ್ ಮಾಡುತ್ತಾಳೆ. ನಾನು ಬುದ್ಧಿ ಹೇಳುವುದನ್ನು ಬಿಟ್ಟಿದ್ದೇನೆ, ಕಷ್ಟಪಟ್ಟು. ಆ ನಾಯಿ ಅವಳಿಗೆ ಒಮ್ಮೆಯೂ ಬುದ್ಧಿ ಹೇಳಿರಲಿಲ್ಲವಲ್ಲ. "ಮದುವೆ ಯಾವಾಗ" ಅಂತಲೂ ಕೇಳಿರಲಿಲ್ಲ. ನಾನು ವಾರಕ್ಕೊಮ್ಮೆ ಕೇಳುತ್ತಿದ್ದೆ.

(ಇದನ್ನು ಬರೆಯಲಾ ಅಂತ ಅವಳನ್ನೇ ಕೇಳಿದೆ. "ಬರಿ, ನನ್ನ ಹೆಸರು ಬದಲಿಸು. ಅವನದು ಬದಲಿಸ್ಬೇಡ" ಅಂದಳು. ನೋಡಿ!)

ನಿಮ್ಮವರು ಯಾರಾದರೂ ಇದ್ದಕ್ಕಿದ್ದಂತೆ ನಾಯಿಯನ್ನೋ ಬೆಕ್ಕನ್ನೋ ನಿಮ್ಮ ಕೈಗೊಪ್ಪಿಸಲು ಬಂದರೆ ಬಾಗಿಲಲ್ಲೇ ಕಳಿಸಬೇಡಿ. ಕೂರಿಸಿ. ಕೇಳಿ.

ಹೊಟ್ಟೆಕಿಚ್ಚು ಹೋಯಿತೇ ಅನ್ನುತ್ತೀರಾ? ಇಲ್ಲ. ಹೊಟ್ಟೆಕಿಚ್ಚು ಪಡುವುದಕ್ಕಾದರೂ ತಂಗಿ ಉಳಿದಿದ್ದಾಳಲ್ಲ, ಇರಲಿ ಬಿಡಿ.