ನೂರಾ ಎಪ್ಪತ್ತೆರಡು ಮತ್ತು ಒಂದು ಬಾಟಲಿ ನೀರು

ನೂರಾ ಎಪ್ಪತ್ತೆರಡು!

ನನ್ನ ತೂಕ ಅಲ್ಲ (ನಗಬೇಡಿ), ಎತ್ತರವೂ ಅಲ್ಲ. ಕಳೆದ ಮಂಗಳವಾರ ಏರೋಬಿಕ್ಸ್ ಕ್ಲಾಸಿನಲ್ಲಿ ಕೈ ಮೇಲೆತ್ತಿ ಕುಣಿಯುತ್ತಿದ್ದಾಗ ನನ್ನ ವಾಚ್ ತೋರಿಸಿದ ಹಾರ್ಟ್ ರೇಟ್. ಅಂಕಿ ಕೆಂಪಗಾಗಿತ್ತು. ವಾಚ್ ಗುರ್ ಗುರ್ ಎಂದು ಮಣಿಕಟ್ಟು ನಡುಗಿಸುತ್ತಿತ್ತು. ಅಲ್ಲೇ ಧೊಪ್ಪನೆ ಕುಳಿತುಬಿಟ್ಟೆ.

ಗಂಗಾವತಿಯಲ್ಲಿ ನಮ್ಮ ಮನೆಯಿಂದ ಹದಿನೈದು ನಿಮಿಷ ನಡೆದರೆ ಒಂದು ಕಲ್ಯಾಣ ಮಂಟಪ ಇದೆ. ಅದರ ಮಹಡಿಯಲ್ಲಿ, ಮದುವೆ ಇಲ್ಲದ ದಿನ ಬೆಳಿಗ್ಗೆ, ಹೆಂಗಸರ ಏರೋಬಿಕ್ಸ್ ನಡೆಯುತ್ತದೆ. ಹೇಳಿಕೊಡುವವಳು ಶಬಾನಾ, ಒಂದು ಕಾಲಕ್ಕೆ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. (ಆಗ ನಾನು ಹೇಳಿದಂತೆ ಅವಳು ಕುಣಿಯುತ್ತಿದ್ದಳು, ಈಗ ಅವಳು ಹೇಳಿದಂತೆ ನಾನು.)

"ಅಕ್ಕೋರ, ಒಮ್ಮೆಲೆ ಕೂಡಬ್ಯಾಡ್ರಿ! ಏಳ್ರಿ, ಸಾವಕಾಶ ಅಡ್ಡಾಡ್ರಿ," ಎಂದು ಶಬಾನಾ ಓಡಿ ಬಂದಳು.

ಪಕ್ಕದ ಮನೆಯ ಗಿರಿಜಕ್ಕ ನನ್ನ ಹಿಂದಿನ ಸಾಲಿನಲ್ಲಿದ್ದರು. "ಅಯ್ಯ ನಮ್ಮವ್ವ, ಮಾರಿ ಹೆಂಗಾಗೇತಿ ನೋಡ್ರಿ! ನಮ್ಮ ಕಾಕಾನೂ ಹಿಂಗ ಕುಂತಾವ ಏಳಲೇ ಇಲ್ಲ."

ಆ ಹೊತ್ತಿಗೆ ಹೇಳುವ ಮಾತೇ ಅದು?

ಅಡ್ಡಾಡಿದೆ. ಬಹಳ ಹೊತ್ತು ಅಡ್ಡಾಡಿದರೂ ವಾಚು ನೂರಾ ಮೂವತ್ತರ ಕೆಳಗೆ ಇಳಿಯಲೊಲ್ಲದು. ನೋಡಿದಷ್ಟೂ ಹೆದರಿಕೆ, ಹೆದರಿದಷ್ಟೂ ಅಂಕಿ ಮೇಲಕ್ಕೆ. ಈ ವಾಚು ಮಗಳು ಪ್ರೀತಿಯಿಂದ ಕೊಡಿಸಿದ್ದು. ಅದನ್ನು ಕಿತ್ತು ಕಿಟಕಿಯಿಂದ ಆಚೆ ಎಸೆಯಬೇಕೆನಿಸಿತು.

ನನ್ನ ಹೆದರಿಕೆಗೆ ಕಾರಣವಿದೆ. ನಮ್ಮಪ್ಪ ಹೋದದ್ದು ಐವತ್ಮೂರನೇ ವಯಸ್ಸಿಗೆ. ಕುಷ್ಟಗಿಯ ಮನೆಯಲ್ಲಿ ಚಹಾ ಕುಡಿಯುತ್ತಾ "ಎದಿ ಯಾಕೋ ಒಂಥರಾ ಆಗಾಕತ್ತೈತಿ" ಅಂದರು. ಆ ಚಹಾ ಮುಗಿಯಲಿಲ್ಲ. ನನಗೀಗ ಐವತ್ಮೂರು. ಈ ವರ್ಷ ಬಂದಾಗಿನಿಂದ ಎಡಗೈ ನೋವಾದರೂ, ತೇಗು ಬಂದರೂ ನನಗೆ ಅಪ್ಪನ ಚಹಾದ ಕಪ್ಪೇ ಕಣ್ಣೆದುರು. ಏರೋಬಿಕ್ಸಿಗೆ ಸೇರಿದ್ದೇ ಎದೆ ಗಟ್ಟಿಯಾಗಲಿ ಎಂದು. ಈಗ ಅದೇ ಏರೋಬಿಕ್ಸ್ ಎದೆ ಒಡೆಯಲು ಹೊರಟಿತ್ತೇ?

ಮನೆಯಲ್ಲಿ ನಮ್ಮವರಿಗೆ ಹೇಳಲಿಲ್ಲ. ಹೇಳಿದರೆ "ಮನ್ಯಾಗ ಕುಂದ್ರು ಅಂದ್ರ ಕೇಳಂಗಿಲ್ಲ" ಅನ್ನುವುದು ಗ್ಯಾರಂಟಿ. ರೊಟ್ಟಿ ಬಡಿಯುವಾಗ ವಾಚ್ ನೋಡಿದೆ. ಒಂಬತ್ತನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುವಾಗ ಬೋರ್ಡಿನತ್ತ ತಿರುಗಿ ಕದ್ದು ನೋಡಿದೆ. ಸಂಜೆಗೆ ತಡೆಯಲಾರದೆ ನಮ್ಮ ಓಣಿಯ ಲೇಡಿ ಡಾಕ್ಟರ ಹತ್ತಿರ ಓಡಿದೆ.

ಅವರು ಇಸಿಜಿ ಮಾಡಿಸಿ, ಕಾಗದದ ಮೇಲೆ ಬೆರಳಾಡಿಸಿದರು. "ಛಲೋ ಐತ್ರಿ. ವ್ಯಾಯಾಮ ಮಾಡುವಾಗ ಹಾರ್ಟ್ ಜೋರು ಬಡೀಲೇಬೇಕು. ಇನ್ನೂರಾ ಇಪ್ಪತ್ತರಾಗ ನಿಮ್ಮ ವಯಸ್ಸು ಕಳೀರಿ, ಅದು ಮ್ಯಾಲಿನ ಮಿತಿ. ಅಂದಾಜು ಅಷ್ಟ ಮತ್ತ, ಒಬ್ಬೊಬ್ಬರಿಗೆ ಒಂದೊಂದು ನಮೂನಿ ಇರ್ತೈತಿ."

ಲೆಕ್ಕದ ಟೀಚರಿಗೆ ಇದನ್ನು ಹೇಳಬಹುದೇ? ಅವರ ಮಾತು ಮುಗಿಯುವ ಮೊದಲೇ ಕಳೆದಿದ್ದೆ. ನೂರಾ ಅರವತ್ತೇಳು. "ಐದು ಹೆಚ್ಚಾತಲ್ರಿ ಡಾಕ್ಟ್ರೇ!"

"ಕೈ ಬೀಸುವಾಗ ವಾಚೂ ತಪ್ಪು ತೋರಸ್ತೈತ್ರಿ. ಅದನ್ನ ಬಿಡ್ರಿ. ಕುಣಿಯುವಾಗ ಮಾತಾಡಾಕ ಬರ್ತಿತ್ತೇನು?"

"ಎಲ್ಲಿದ್ರಿ, ತೇಕು ಹತ್ತಿತ್ತು."

"ಹಂಗಾದ್ರ ಸ್ವಲ್ಪ ನಿಧಾನ ಮಾಡ್ರಿ. ಎದಿ ನೋವು, ಕಣ್ಣಿಗೆ ಕತ್ತಲಿ ಬಂದ್ರ ಮಾತ್ರ ಅಲ್ಲೇ ನಿಲ್ಲಿಸಿ ನನ್ನ ಕಡೆ ಬರಬೇಕು. ಕ್ಲಾಸಿಗೆ ಹೋಗೂಕಿಂತ ಮೊದಲ ಎಷ್ಟು ನೀರು ಕುಡೀತೀರಿ?"

"ಇಲ್ರಿ, ಹೊರಗ ಹೋಗೂ ಮುಂದ ನಾ ನೀರು ಕುಡಿಯಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾಕ?"

ಯಾಕೆ? ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನೌಕರಿ ಸಿಕ್ಕ ಹೊಸತರಲ್ಲಿ ಯಲಬುರ್ಗಾ ಕಡೆಯ ಹಳ್ಳಿಯೊಂದರ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಶಾಲೆಯಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಗಂಡಸು ಮಾಸ್ತರರಿಗೆ ಕಾಂಪೌಂಡಿನ ಗೋಡೆ ಇತ್ತು. ನನಗೆ? ಮನೆ ಬಿಟ್ಟರೆ ಮತ್ತೆ ಮನೆಯೇ. ಹಾಗಾಗಿ ನೀರನ್ನೇ ಬಿಟ್ಟೆ. ಆಮೇಲೆ ಗಂಗಾವತಿಗೆ ವರ್ಗವಾಯಿತು, ಇಲ್ಲಿಯ ಶಾಲೆಯಲ್ಲಿ ಎಲ್ಲ ಇದೆ. ಆದರೂ ಚಪ್ಪಲಿ ಮೆಟ್ಟಿದೆನೆಂದರೆ ಬಾಯಾರಿಕೆ ತಾನಾಗಿಯೇ ಅಡಗುತ್ತದೆ.

"ಮೈಯಾಗ ನೀರು ಕಡಿಮಿ ಆದ್ರ ಹಾರ್ಟ್ ಡಬಲ್ ಡ್ಯೂಟಿ ಮಾಡ್ತೈತ್ರಿ," ಅಂದರು ಡಾಕ್ಟರು. "ಅದರಾಗ ನಮ್ಮ ಬಿಸಿಲು. ವಾಚ್ ಕೆಂಪಾಗದೆ ಏನು ಮಾಡೀತು?"

ಅಪ್ಪನ ವಿಷಯ ಹೇಳಿದ್ದಕ್ಕೆ ಕೊಪ್ಪಳಕ್ಕೆ ಕಳಿಸಿ ಟ್ರೆಡ್‌ಮಿಲ್ ಟೆಸ್ಟ್ ಕೂಡ ಮಾಡಿಸಿದರು. ಮೈಗೆಲ್ಲ ವೈರು ಅಂಟಿಸಿಕೊಂಡು ನಡೆಯುವಾಗ ಎಷ್ಟು ದೇವರನ್ನು ನೆನೆದೆನೋ ನನಗೇ ಗೊತ್ತಿಲ್ಲ. ಸದ್ಯ, ರಿಪೋರ್ಟ್ ಸರಿ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಒಬ್ಬಳೇ ಅತ್ತೆ. ಹೋದ ಜೀವ ಬಂದಂತಾಗಿತ್ತು.

ಮೊನ್ನೆ ಮತ್ತೆ ಕ್ಲಾಸಿಗೆ ಹೋದೆ, ಕೈಯಲ್ಲಿ ಬಾಟಲಿ ಹಿಡಿದು. ಮನೆಯಲ್ಲೂ ಕುಡಿದಿದ್ದೆ, ಅಲ್ಲೂ ಕುಡಿದೆ. ನಿಧಾನ ಕುಣಿದೆ, ಶಬಾನಾ ಜೊತೆ ಮಾತಾಡುತ್ತಲೇ ಕುಣಿದೆ. ವಾಚು ನೂರಾ ನಲವತ್ತರ ಆಸುಪಾಸಿನಲ್ಲಿ ಸುಮ್ಮನಿತ್ತು. ಎಷ್ಟು ಖುಷಿಯಾಯಿತೆಂದರೆ, ಎಲ್ಲರಿಗೂ ಬಾಟಲಿ ತರಲು ಹೇಳೋಣವೆಂದು ತಿರುಗಿದೆ. ಅಷ್ಟೂ ಹೆಂಗಸರಲ್ಲಿ ಒಬ್ಬರ ಕೈಯಲ್ಲೂ ನೀರಿರಲಿಲ್ಲ.

"ನೀರು ಕುಡದು ಎಲ್ಲಿ ಹೋಗೂದವಾ?" ಎಂದರು ಗಿರಿಜಕ್ಕ, ದನಿ ತಗ್ಗಿಸಿ.

ಅಷ್ಟರಲ್ಲಿ ನನಗೂ ಹೋಗಬೇಕಾಗಿತ್ತು. ಕೆಳಗಿಳಿದು ನೋಡಿದರೆ ಶೌಚಾಲಯದ ಬಾಗಿಲಿಗೆ ಬೀಗ! ಮೂರು ತಿಂಗಳಿಂದ ಬರುತ್ತಿದ್ದೇವೆ, ಒಬ್ಬರಿಗೂ ಇದು ಗೊತ್ತಿರಲಿಲ್ಲ. ನೀರು ಕುಡಿದಿದ್ದರೆ ತಾನೇ ಗೊತ್ತಾಗುವುದು?

ವಾಚ್‌ಮನ್ ಬೀಡಿ ಆರಿಸಿ ಎದ್ದು ನಿಂತ. "ಚಾವಿ ಮಾಲಕರ ಕಡೆ ಐತ್ರಿ ಅಕ್ಕೋರ. ಮದುವಿ ಇದ್ದಾಗ ಅಷ್ಟ ತಗೀತೀವಿ. ಹೆಣ್ಮಕ್ಕಳು ಒಂದ್ ತಾಸು ಕುಣದು ಹೋಗೋರು, ನಿಮಗೇನು ಬೇಕಾಗತೈತ್ರಿ?"

ನಾನು ಕುಣಿಯುತ್ತಿರಲಿಲ್ಲ, ಓಡುತ್ತಿರಲಿಲ್ಲ, ಮುಚ್ಚಿದ ಬಾಗಿಲ ಮುಂದೆ ನಿಂತಲ್ಲೇ ನಿಂತಿದ್ದೆ. ವಾಚು ಗುರ್ ಅಂದಿತು, ಅಂಕಿ ಮತ್ತೆ ಕೆಂಪಗಾಗಿತ್ತು.

ಡಾಕ್ಟ್ರೇ, ಈ ಬಡಿತ ಯಾವ ವ್ಯಾಯಾಮದ್ದು?