ಬಗ್ಗಿಗಳ ಹಲ್ಲು ನೋಡುವ ಪದ್ಮಾ

ವಿಜಯವಾಡದ ಪಟಮಟದಲ್ಲಿ, ಮುಖ್ಯರಸ್ತೆಯ ಹಿಂದಿನ ಬೀದಿಯ ಮೂರಂತಸ್ತಿನ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಪದ್ಮಾಳ ಬಾಡಿಗೆ ಮನೆ. ಹುಟ್ಟೂರು ತಿಪಟೂರು. ಗಂಡ ಚಂದ್ರಮೌಳಿ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾದ ಕಡೆಗೆ ಗಂಟುಮೂಟೆ ಕಟ್ಟುವುದು ಅವಳಿಗೆ ಮದುವೆಯಾದ ಮರುವರ್ಷದಿಂದಲೇ ರೂಢಿ. ವಿಶಾಖಪಟ್ಟಣದಲ್ಲಿ ಮಾತ್ರ ಒಂದು ಶಾಖೆಯಿಂದ ಇನ್ನೊಂದಕ್ಕೆ ಅಲ್ಲಲ್ಲೇ ಸುತ್ತಿಕೊಂಡು ಒಂಬತ್ತು ವರ್ಷ ನಿಂತರು. ಅದರಲ್ಲಿ ಎಂಟು ವರ್ಷ ಪದ್ಮಾ ದುವ್ವಾಡದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿದಳು. ಮೀಟರುಗಳ ಹೊಟ್ಟೆಯೊಳಗೆ ಕೂರುವ ಗೇರುಗಳು ಅಲ್ಲಿ ತಯಾರಾಗುತ್ತಿದ್ದವು. ಕೆಲವು ಹುರುಳಿಕಾಳಿನಷ್ಟೇ ಸಣ್ಣವು. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಕಣ್ಣಿಗೆ ಮಸೂರ ಒತ್ತಿಕೊಂಡು, ಹಲ್ಲು ಸರಿಯಿದ್ದದ್ದನ್ನು ಬಲಕ್ಕೆ, ಮುಕ್ಕಾದದ್ದನ್ನು ಎಡಕ್ಕೆ ಹಾಕುವುದು ಅವಳ ಕೆಲಸ. ಅವಳು ಬಲಕ್ಕೆ ಹಾಕಿದ ಗೇರು ಒಂದೂ ಹಿಂದಕ್ಕೆ ಬರಲಿಲ್ಲವೆಂದು ಕಾರ್ಖಾನೆಯವರು ಬೀಳ್ಕೊಡುವ ದಿನ ಆ ಮಸೂರವನ್ನೇ ಉಡುಗೊರೆಯಾಗಿ ಕೊಟ್ಟು ಕಳಿಸಿದ್ದರು.

ಪಟಮಟಕ್ಕೆ ಬಂದ ಮೇಲೆ ಕೈಗೆ ಕೆಲಸವಿಲ್ಲದಂತಾಯಿತು. ಮಗಳು ಹಾಸ್ಟೆಲಿನಲ್ಲಿ, ಗಂಡ ಬ್ಯಾಂಕಿನಲ್ಲಿ. ಅಕ್ಕಿಯಲ್ಲಿ ಕಲ್ಲಿಲ್ಲದಿದ್ದರೂ ಪದ್ಮಾ ಮೊರ ಹಿಡಿದು ಕೂರುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕೆಳಗಿನ ಅಂಗಳದಿಂದ ಸದ್ದು ಬಂತು. ಮಿಕ್ಸಿಯಲ್ಲಿ ಒಣಕೊಬ್ಬರಿ ಹಾಕಿದ ಹಾಗೆ ಕರಕರ. ನಡುನಡುವೆ, ತಾಳ ತಪ್ಪದೆ, ಟಕ್ ಟಕ್. ಇಣುಕಿ ನೋಡಿದರೆ ಕೆಳಮನೆಯ ಬಾಬ್ಜಿ. ಟೈಲ್ಸ್ ಅಂಗಡಿ ಇಟ್ಟಿದ್ದ, ಐವತ್ತು ದಾಟಿದ ದಪ್ಪ ಮನುಷ್ಯ. ಕಾಲು ಚಾಚಿ ನೆಲದಲ್ಲಿ ಕೂತು, ಮೊಳದುದ್ದದ ಆಟದ ಕಾರಿನಂಥದ್ದನ್ನು ತೊಡೆಯ ಮೇಲೆ ಮಗುಚಿಕೊಂಡಿದ್ದರು. ಆಟದ ಕಾರಲ್ಲ, ರಿಮೋಟಿನಲ್ಲಿ ಓಡುವ ರೇಸಿನ ಬಗ್ಗಿ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಗನ್ನವರಂ ಆಚೆಯ ಒಂದು ಮಣ್ಣಿನ ಮೈದಾನದಲ್ಲಿ ವಾರ ವಾರ ಹತ್ತು ಹನ್ನೆರಡು ಮಂದಿ ಸೇರಿ ಅವನ್ನು ಓಡಿಸುತ್ತಿದ್ದರು.

"ಬಾಬ್ಜಿಗಾರು, ಅದರದ್ದು ಒಂದು ಹಲ್ಲು ಹೋಗಿದೆ ಅಂಡಿ," ಎಂದಳು ಪದ್ಮಾ ಮೇಲಿಂದಲೇ, ತಿಪಟೂರಿನ ರಾಗದ ತೆಲುಗಿನಲ್ಲಿ.

ಬಾಬ್ಜಿ ತಲೆಯೆತ್ತಿದರು. "ಮೂರು ದಿನದಿಂದ ಮೋಟರು ಬಿಚ್ಚಿ ಬಿಚ್ಚಿ ನೋಡ್ತಿದೀನಮ್ಮಾ. ನಿಮಗೆ ಅಲ್ಲಿಂದ ಹೇಗೆ ಕಾಣಿಸ್ತು?"

"ಕಾಣಿಸ್ಲಿಲ್ಲ, ಕೇಳಿಸ್ತು. ಸುತ್ತಿಗೊಂದೇ ಸಲ ಟಕ್ ಅಂತಿದೆ. ಹಾಗಾದ್ರೆ ಒಂದೇ ಹಲ್ಲು. ಮೋಟರಲ್ಲ, ಒಳಗಡೆ ಗೇರು ನೋಡಿ."

ಹಾಗೇ ಇತ್ತು. ಗೇರ್‌ಬಾಕ್ಸಿನ ನಡುವಣ ಗೇರಿನಲ್ಲಿ ಒಂದು ಹಲ್ಲು ಬುಡಕ್ಕೆ ಮುರಿದಿತ್ತು. ಮಧ್ಯಾಹ್ನ ಬಾಬ್ಜಿ ಒಂದು ತಟ್ಟೆ ಗೋಂಗೂರ ಪಚ್ಚಡಿಯ ಜೊತೆ ತಮ್ಮ ಎರಡನೆಯ ಬಗ್ಗಿಯನ್ನೂ ಹಿಡಿದು ಮೆಟ್ಟಿಲು ಹತ್ತಿ ಬಂದರು.

ಅಲ್ಲಿಂದ ಶುರುವಾಯಿತು. ಆ ಬಗ್ಗಿಗಳ ಒಳಗನ್ನು ಪದ್ಮಾ ಒಂದೊಂದಾಗಿ ಕಲಿತಳು. ಮೋಟರಿನ ತುದಿಗೆ ಪಿನಿಯನ್ ಎಂಬ ಚಿಕ್ಕ ಲೋಹದ ಗೇರು. ಅದು ಸ್ಪರ್ ಎಂಬ ದೊಡ್ಡ ಪ್ಲಾಸ್ಟಿಕ್ ಗೇರನ್ನು ತಿರುಗಿಸುತ್ತದೆ. ಅಲ್ಲಿಂದ ಬಲ ಗೇರ್‌ಬಾಕ್ಸಿಗೆ, ಆಮೇಲೆ ಎರಡು ಕಡ್ಡಿಗಳ ಮೂಲಕ ಹಿಂದಿನ ಚಕ್ರಕ್ಕೆ. ಮಣ್ಣಿನಲ್ಲಿ ಓಡುವ ಗಾಡಿ, ಎಲ್ಲದಕ್ಕೂ ದೂಳು. ಬೇರಿಂಗು ಗರಗರ ಎನ್ನುತ್ತದೆ, ಕಡ್ಡಿಯ ತುದಿಯ ಪಿನ್ನು ಸವೆದು ಸೊಂಟ ಸಣ್ಣಗಾಗುತ್ತದೆ. ಅವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ದೂಳು ತೆಗೆಯುತ್ತಿದ್ದಳು, ಮಸೂರದಲ್ಲಿ ನೋಡುತ್ತಿದ್ದಳು, ಸವೆದದ್ದನ್ನು ಬದಲಾಯಿಸುತ್ತಿದ್ದಳು. ಎರಡು ಗೇರು ಕೂಡಿಸುವಾಗ ನಡುವೆ ನೋಟ್‌ಬುಕ್ಕಿನ ಕಾಗದದ ಪಟ್ಟಿ ಸಿಕ್ಕಿಸಿ ಬಿಗಿ ಮಾಡಿ, ಆಮೇಲೆ ಪಟ್ಟಿಯನ್ನು ಎಳೆದು ಬಿಡುವುದು. ಆಗ ಬೇಕಾದಷ್ಟೇ ಸಂದು ಉಳಿಯುತ್ತದೆ. ಇದನ್ನು ಬಾಬ್ಜಿಯೇ ಹೇಳಿಕೊಟ್ಟರು. ಆರು ತಿಂಗಳಲ್ಲಿ ಗನ್ನವರಂ ಮೈದಾನದ ಅರ್ಧದಷ್ಟು ಬಗ್ಗಿಗಳು ಪಟಮಟದ ಮೊದಲ ಮಹಡಿಗೆ ಹತ್ತಿ ಇಳಿಯತೊಡಗಿದವು.

"ಊಟದ ಮೇಜಿನ ಮೇಲೆ ಗ್ರೀಸು ವಾಸನೆ ಕಣೇ," ಎನ್ನುತ್ತಿದ್ದರು ಚಂದ್ರಮೌಳಿ.

"ಅನ್ನದ ಮೇಲೆ ಇಲ್ಲವಲ್ಲ, ತಿನ್ನಿ," ಎನ್ನುತ್ತಿದ್ದಳು ಪದ್ಮಾ.

ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ವಿಶಾಖಪಟ್ಟಣದವರು ಒಂದು ರೇಸು ಇಟ್ಟುಕೊಂಡರು. ಜಾಗ ದುವ್ವಾಡದ ಹತ್ತಿರದ ಖಾಲಿ ಬಯಲು. ಬಾಬ್ಜಿ ಬಿಡಲಿಲ್ಲ. "ಪದ್ಮಗಾರು ಬರದಿದ್ದರೆ ನಾನೂ ಹೋಗೋದಿಲ್ಲ ಸಾರ್," ಎಂದು ಚಂದ್ರಮೌಳಿಯವರ ಹತ್ತಿರವೇ ಹಟ ಹಿಡಿದರು. ಶನಿವಾರ ಮೂವರೂ ರೈಲು ಹತ್ತಿದರು. ಹೊರಡುವ ಹಿಂದಿನ ದಿನ ಪದ್ಮಾ ಬಾಬ್ಜಿಯ ಬಗ್ಗಿಯನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದಳು. ಬೇರಿಂಗು ಹೊಸದು, ಪಿನ್ನು ಹೊಸದು, ಸ್ಪರ್ ಗೇರು ಹೊಸದು. ಪಿನಿಯನ್ ಮಾತ್ರ ಹಳೆಯದು. ಅಲ್ಯೂಮಿನಿಯಂನದು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ಮಸೂರದಲ್ಲಿ ನೋಡಿ, ಕಾರ್ಖಾನೆಯ ಅಭ್ಯಾಸದಂತೆ ಬಲಕ್ಕೆ ಇಟ್ಟಳು.

ಭಾನುವಾರ ಬೆಳಿಗ್ಗೆ ಮೊದಲ ಓಟದಲ್ಲಿ ಬಗ್ಗಿ ಚೆನ್ನಾಗಿಯೇ ಓಡಿತು. ದಿಬ್ಬ ಹತ್ತಿ ಹಾರಿತು, ಕೆಮ್ಮಣ್ಣು ಎರಚುತ್ತ ತಿರುವು ತೆಗೆದುಕೊಂಡಿತು. ಎರಡನೆಯ ಓಟದ ನಡುವೆ ಮೋಟರು ಒಮ್ಮೆಲೇ ಕಿರುಚಿತು. ಚಕ್ರ ಮಾತ್ರ ತಿರುಗಲಿಲ್ಲ. ಬಗ್ಗಿ ಮೈದಾನದ ಮಧ್ಯೆ ನಿಂತಿತು.

ಬಾಬ್ಜಿ ಎತ್ತಿಕೊಂಡು ಬಂದು ಮೈದಾನದ ಅಂಚಿನ ರಿಪೇರಿ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಪ್ಲಾಸ್ಟಿಕ್ಕಿನ ಪುಡಿ ತೌಡಿನ ಹಾಗೆ ಸುರಿಯಿತು. ಪಕ್ಕದ ಮೇಜಿನವನು ತಿರುಮಲೇಶ್, ವಿಶಾಖಪಟ್ಟಣದ ಒಂದು ಆಸ್ಪತ್ರೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞ. ಆ ಮೈದಾನದಲ್ಲಿ ಸದಾ ಮುಂದಿರುವವನು. ಅವನು ಇಣುಕಿ ನೋಡಿ, "ಕಲ್ಲು ಸಿಕ್ಕಿರುತ್ತೆ ಅಣ್ಣಾ. ಇಲ್ಲಿ ಹಾಗೇ, ಏನೂ ಮಾಡೋಕಾಗಲ್ಲ," ಎಂದ.

"ಹೌದು, ಕಲ್ಲೇ," ಎಂದರು ಬಾಬ್ಜಿ. "ಪೋನಿಲೆಂಡಿ ಪದ್ಮಗಾರು, ಹೋಗಲಿ ಬಿಡಿ. ಕಲ್ಲಿಗೆ ನೀವೇನು ಮಾಡ್ತೀರ?"

ಪದ್ಮಾ ಸ್ಪರ್ ಗೇರನ್ನು ಬಿಚ್ಚಿ ಬಿಸಿಲಿಗೆ ಹಿಡಿದು ಮಸೂರ ಒತ್ತಿದಳು. ಕಲ್ಲು ಸಿಕ್ಕಿದ್ದರೆ ಒಂದೋ ಎರಡೋ ಹಲ್ಲು ಮುರಿಯಬೇಕು, ಉಳಿದವು ನೆಟ್ಟಗಿರಬೇಕು. ಇಲ್ಲಿ ಸುತ್ತಲೂ ಎಲ್ಲ ಹಲ್ಲುಗಳೂ ಒಂದೇ ಬದಿಯಿಂದ ಹೆರೆದು ಹೋಗಿದ್ದವು, ಈಳಿಗೆ ಮಣೆಯಲ್ಲಿ ತುರಿದ ಹಾಗೆ. ಅವಳು ಪಿನಿಯನ್ ಕಳಚಿದಳು. ಈ ಸಲ ಒಂದೊಂದು ಹಲ್ಲಿನ ಆಕಾರ ನೋಡಿದಳು. ಹಲ್ಲು ಮುರಿದಿರಲಿಲ್ಲ ನಿಜ. ಆದರೆ ಸವೆದು ಸವೆದು ತುದಿ ಚೂಪಾಗಿ, ಬೆಕ್ಕಿನ ಉಗುರಿನ ಹಾಗೆ ಕೊಕ್ಕೆಯಾಗಿ ಬಾಗಿತ್ತು. ಹೊಳಪು ಬಂದದ್ದೂ ಆ ಸವೆತದಿಂದಲೇ.

ಎಂಟು ವರ್ಷ ಅವಳು ನೋಡಿದ್ದೆಲ್ಲ ಅಚ್ಚಿನಿಂದ ಆಗತಾನೆ ಇಳಿದ ಗೇರುಗಳು. ಮುಕ್ಕಾಗಿದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ. ಓಡಿ ಓಡಿ ಸವೆದದ್ದು ಹೇಗಿರುತ್ತದೆ, ಜೊತೆಯ ಗೇರನ್ನು ಏನು ಮಾಡುತ್ತದೆ ಎಂಬುದನ್ನು ಕಾರ್ಖಾನೆಯ ಆ ಮೇಜಿನಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಸುಮ್ಮನಿದ್ದರೆ ಆಗುತ್ತಿತ್ತು. ಕಲ್ಲು ಎಂದವರು ಅವರೇ. ಗಂಡ ಅಷ್ಟು ದೂರದಲ್ಲಿ ಮರದ ನೆರಳಲ್ಲಿ ಪೇಪರು ಓದುತ್ತಿದ್ದರು. ಪದ್ಮಾ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಹೇಳಿದಳು: "ಬಾಬ್ಜಿಗಾರು, ಕಲ್ಲಲ್ಲ. ನನ್ನದೇ ತಪ್ಪು. ಹಳೇ ಪಿನಿಯನ್ ಜೊತೆ ಹೊಸ ಸ್ಪರ್ ಹಾಕಿಬಿಟ್ಟೆ. ಹಳೇದು ಹೊಸದನ್ನ ತಿಂದುಹಾಕಿದೆ. ಎರಡನ್ನೂ ಒಟ್ಟಿಗೆ ಬದಲಾಯಿಸಬೇಕಿತ್ತು."

ಬಾಬ್ಜಿಗೆ ಬೇಸರವಾದದ್ದು ಕಾಣುತ್ತಿತ್ತು, ಆರು ಗಂಟೆ ರೈಲಿನಲ್ಲಿ ಕೂತು ಬಂದ ಮನುಷ್ಯ. ಆಮೇಲೆ ಅವರು ಮೇಜಿನ ಕೆಳಗಿನ ಪೆಟ್ಟಿಗೆ ಎಳೆದರು. "ಸ್ಪರ್ ಇನ್ನೊಂದಿದೆ. ಪಿನಿಯನ್ ಇಲ್ಲ."

"ಹಳೇದನ್ನೇ ಹಾಕಿದರೆ ಇದನ್ನೂ ತಿನ್ನುತ್ತೆ."

ತಿರುಮಲೇಶ್ ಕೇಳಿಸಿಕೊಳ್ಳುತ್ತಿದ್ದ. "ಎಷ್ಟು ಹಲ್ಲಿಂದಮ್ಮಾ?"

"ಇಪ್ಪತ್ತೊಂದು."

ಅವನು ತನ್ನ ಡಬ್ಬಿ ಕೆದಕಿ ಒಂದು ಕಪ್ಪು ಪಿನಿಯನ್ ಅವಳ ಅಂಗೈಗೆ ಹಾಕಿದ. "ಇಪ್ಪತ್ತೆರಡರದ್ದಿದೆ. ಉಕ್ಕಿಂದು. ಮೋಟರು ಸ್ವಲ್ಪ ಹಿಂದಕ್ಕೆ ಸರಿಸಬೇಕು, ಮಾಡ್ತೀರಾ?"

ಪದ್ಮಾ ಅದನ್ನು ಮಸೂರದ ಕೆಳಗೆ ತಿರುಗಿಸಿ ತಿರುಗಿಸಿ, ಪ್ರತಿ ಹಲ್ಲಿನ ಎರಡೂ ಬದಿ ನೋಡಿದಳು. ತಿರುಮಲೇಶ್ ನಕ್ಕ. "ನಂಬಿಕೆ ಇಲ್ವಾ ಅಮ್ಮಾ?"

"ನಿಮ್ಮ ಮೇಲಿದೆ. ನನ್ನ ಕಣ್ಣಿನ ಮೇಲೆ ಇವತ್ತು ಇಲ್ಲ," ಎಂದಳು ಅವಳು.

ಫೈನಲ್‌ಗೆ ಮುಕ್ಕಾಲು ಗಂಟೆಯಿತ್ತು. ಪುಡಿಯನ್ನೆಲ್ಲ ಬ್ರಷ್ಷಿನಲ್ಲಿ ಗುಡಿಸಿ, ಮೋಟರು ಸರಿಸಿ, ಕಾಗದದ ಪಟ್ಟಿ ಸಿಕ್ಕಿಸಿ ಗೇರು ಕೂಡಿಸಿದಳು. ಪಟ್ಟಿ ಎಳೆದು ಬೆರಳಿನಲ್ಲಿ ಚಕ್ರ ತಿರುಗಿಸಿದಾಗ ಸಣ್ಣದೊಂದು ಟಿಕ್ ಟಿಕ್ ಬಿಟ್ಟರೆ ಸದ್ದಿರಲಿಲ್ಲ. ಚಂದ್ರಮೌಳಿ ಯಾವಾಗಲೋ ಎದ್ದು ಬಂದು, ಅವಳ ಮೇಜಿಗೆ ಬಿಸಿಲು ಬೀಳದಂತೆ ಪೇಪರನ್ನು ಅಗಲಿಸಿ ಹಿಡಿದು ನಿಂತಿದ್ದರು. ಅವಳು ಗಮನಿಸಿದ್ದು ಕೊನೆಯ ಸ್ಕ್ರೂ ಬಿಗಿದ ಮೇಲೆ.

"ಕೈ ನೋಯಲ್ವೇನ್ರೀ?"

"ನೀನು ಮುಗಿಸು," ಎಂದರು ಅವರು.

ಫೈನಲ್‌ನಲ್ಲಿ ಹತ್ತು ಬಗ್ಗಿ. ಎರಡನೆಯ ಓಟ ಕೈಬಿಟ್ಟಿದ್ದರಿಂದ ಬಾಬ್ಜಿಯದು ಎಲ್ಲಕ್ಕಿಂತ ಹಿಂದೆ ಹೊರಟಿತು. ತಿರುಮಲೇಶ್ ಗೆದ್ದ, ಅವನು ಗೆಲ್ಲುವುದು ಎಲ್ಲರಿಗೂ ಗೊತ್ತಿತ್ತು. ಬಾಬ್ಜಿ ಹತ್ತರಿಂದ ಐದಕ್ಕೆ ಏರಿದರು. ಪದ್ಮಾ ಓಟ ನೋಡಲಿಲ್ಲ. ಕಣ್ಣು ಮುಚ್ಚಿ, ಹತ್ತು ಮೋಟರುಗಳ ಕೂಗಿನಲ್ಲಿ ಒಂದರ ಸದ್ದನ್ನೇ ಹಿಡಿದು, ಎಂಟು ನಿಮಿಷ ನಿಂತಿದ್ದಳು.

ಓಟ ಮುಗಿದ ಮೇಲೆ ತಿರುಮಲೇಶ್ ತನ್ನ ಬಗ್ಗಿಯನ್ನು ತಂದು ಅವಳ ಮುಂದಿಟ್ಟ. ಗೆದ್ದ ಗಾಡಿ, ಇನ್ನೂ ಬಿಸಿಯಾಗಿತ್ತು.

"ಇದಕ್ಕೇನಾಗಿದೆ? ಚೆನ್ನಾಗೇ ಓಡ್ತಲ್ಲ," ಎಂದಳು ಪದ್ಮಾ.

"ಓಡ್ತಿದೆ ಅಂತ ನಾನೂ ಒಂದು ವರ್ಷದಿಂದ ಬಿಚ್ಚಿಲ್ಲ. ತಪ್ಪಾದ್ರೆ ತಪ್ಪು ಅನ್ನೋರ ಕೈಗೆ ಒಂದ್ಸಲ ಕೊಡೋಣ ಅಂತ."

ಬಾಬ್ಜಿ ಅವನ ಬೆನ್ನಿಗೆ ಗುದ್ದಿದರು. "ಸಾಲಿನಲ್ಲಿ ನಿಲ್ಲು ತಮ್ಮುಡೂ. ಮೊದಲು ನನ್ನದು."

ಮರುದಿನ ಪಟಮಟದ ಊಟದ ಮೇಜಿನ ಮೇಲೆ ಎರಡು ಬಗ್ಗಿಗಳು ಮಗುಚಿ ಬಿದ್ದಿದ್ದವು. ಚಂದ್ರಮೌಳಿ ಟಿಫಿನ್ ಡಬ್ಬಿ ತೆಗೆದುಕೊಳ್ಳಲು ಬಂದಾಗ ಪದ್ಮಾ ತಿರುಮಲೇಶನ ಬಗ್ಗಿಯ ಗೇರುಗಳನ್ನು ಬಟ್ಟೆಯ ಮೇಲೆ ಹರಡಿಕೊಂಡಿದ್ದಳು. ಎಡಕ್ಕೂ ಹಾಕಿರಲಿಲ್ಲ, ಬಲಕ್ಕೂ ಹಾಕಿರಲಿಲ್ಲ; ಯಾವುದು ಯಾವುದರ ಜೊತೆ ಓಡಿತ್ತೋ ಅದರ ಪಕ್ಕಕ್ಕೇ ಇಟ್ಟು, ಜೋಡಿ ಜೋಡಿಯಾಗಿ ನೋಡುತ್ತಿದ್ದಳು.