ಅರ್ಥ ಆಯ್ತಾ?

ನಾಗಮಂಗಲದ ಕಡೆಯ ನಮ್ಮ ಕಾಲೇಜಿಗೆ ಹೊಸದಾಗಿ ಬಂದ ಅರ್ಥಶಾಸ್ತ್ರದ ಮೇಷ್ಟರಿಗೆ ಪಾಠ ಮಾಡುವುದನ್ನು ಕಲಿಸುವ ಕೆಲಸವನ್ನು ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದರು. ಅವರ ಕೊನೆಯ ಪೀರಿಯಡ್ಡಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಬಗ್ಗೆ, ಅಂದರೆ ರೇಟು ಏರಿದರೆ ಜನ ಕೊಳ್ಳುವುದು ಎಷ್ಟು ಇಳಿಯುತ್ತದೆ ಅನ್ನುವುದರ ಬಗ್ಗೆ, ಎರಡು ವಾಕ್ಯ ಹೇಳುವುದು, "ಅರ್ಥ ಆಯ್ತಾ?" ಅನ್ನುವುದು. "ಆಯ್ತು ಸಾ" ಎಂದು ಇಡೀ ತರಗತಿ ರಾಗ ಎಳೆಯುವುದು. ಪಾಠ ಮುಗಿಯುವವರೆಗೂ ಇದೇ ಭಜನೆ. ನನಗೆ ಮೈಯೆಲ್ಲ ಉರಿಯಿತು.

ಪಕ್ಕದಲ್ಲಿದ್ದ ಬಿಂಡಿಗನವಿಲೆಯ ಹುಡುಗಿಯನ್ನು, "ನಿಜವಾಗ್ಲೂ ಅರ್ಥ ಆಯ್ತೇನಮ್ಮ?" ಎಂದು ಕೇಳಿದೆ.

"ಇಲ್ಲ ಸಾ. ಆಯ್ತು ಅಂದ್ರೆ ಬೇಗ ಬುಟ್ಬುಡ್ತಾರೆ, ಬಸ್ಸು ಸಿಕ್ತದೆ," ಅಂದಳು.

ಆಮೇಲೆ ಸ್ಟಾಫ್ ರೂಮಿನಲ್ಲಿ ಮೇಷ್ಟರನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಕೊರೆದೆ. ಆ ಪ್ರಶ್ನೆ ಕೇಳಲೇಬೇಡಿ, ಅದಕ್ಕೆ ಯಾರೂ ನಿಜ ಹೇಳುವುದಿಲ್ಲ. ಟೊಮೆಟೊ ರೇಟು ಏರಿದರೆ ಮನೆಗೆ ಎಷ್ಟು ತರುತ್ತೀರಿ, ಉಪ್ಪಿನ ರೇಟು ಏರಿದರೆ ಎಷ್ಟು ತರುತ್ತೀರಿ ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ ಎಂದೆ. ಅವರು ತಲೆಯಾಡಿಸುತ್ತಲೇ ಇದ್ದರು. ಪೆನ್ನಿನ ಕ್ಯಾಪು ಕೂಡ ತೆಗೆದಿರಲಿಲ್ಲ. ನನಗೆ ರೇಗಿಹೋಯಿತು.

"ಅರ್ಥ ಆಯ್ತಾ?" ಅಂದೆ.

"ಆಯ್ತು ಸರ್," ಅಂದರು. ಪಾಂಡವಪುರದ ಬಸ್ಸಿಗೆ ಹೊತ್ತಾಗಿತ್ತೇನೋ, ಬ್ಯಾಗು ಆಗಲೇ ಹೆಗಲ ಮೇಲಿತ್ತು.